ಇಬಿ-5 ಅರ್ಜಿ: ಯಾವಾಗ ಹಾಕಬೇಕು, ತಡವಾಗುವುದು ಎಲ್ಲಿ?

ಹೂಡಿಕೆಯ ಮೂಲಕ ಅಮೆರಿಕದ ಗ್ರೀನ್ ಕಾರ್ಡ್ ಕೊಡುವ ಇಬಿ-5 ವೀಸಾ ಕುರಿತು ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ. 2022ರ ಸುಧಾರಣಾ ಕಾಯ್ದೆಯ ಪ್ರಕಾರ ಗ್ರಾಮೀಣ ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶದ ಯೋಜನೆಗೆ 8 ಲಕ್ಷ ಡಾಲರ್, ಸಾಮಾನ್ಯ ಯೋಜನೆಗೆ 10.5 ಲಕ್ಷ ಡಾಲರ್ ಹೂಡಬೇಕು. ಪ್ರತಿ ಹೂಡಿಕೆದಾರನ ಹಣದಿಂದ 10 ಪೂರ್ಣಾವಧಿ ಉದ್ಯೋಗ ಹುಟ್ಟಬೇಕು.

ಪ್ರಶ್ನೆ: ತೀರ್ಥಹಳ್ಳಿ ಬಳಿ ಅಡಿಕೆ ತೋಟ, ಶಿವಮೊಗ್ಗದಲ್ಲಿ ಒಂದು ವಾಣಿಜ್ಯ ಕಟ್ಟಡ ಇದೆ. ಎರಡೂ ನನ್ನ ಹೆಸರಿನಲ್ಲಿವೆ. ಕಟ್ಟಡವನ್ನೂ ತೋಟದ ಒಂದು ಭಾಗವನ್ನೂ ಮಾರಿ, ಅಮೆರಿಕದ ಆಸ್ಟಿನ್‌ನಲ್ಲಿ ಎಚ್-1ಬಿ (ಕೆಲಸದ ವೀಸಾ) ಮೇಲಿರುವ ಮಗನಿಗೆ 8 ಲಕ್ಷ ಡಾಲರ್ ಕಳಿಸಬೇಕು. ಎಷ್ಟು ಮೊದಲೇ ಶುರು ಮಾಡಬೇಕು?

ಉತ್ತರ: ಅರ್ಜಿ ಹಾಕಬೇಕೆಂದಿರುವ ದಿನಕ್ಕಿಂತ ಎಂಟು ಹತ್ತು ತಿಂಗಳು ಮೊದಲು. ಅಮೆರಿಕದಲ್ಲಿ ಯೋಜನೆ ಹುಡುಕಲು ಅಷ್ಟು ಸಮಯ ಬೇಕಾಗುವುದಿಲ್ಲ. ಸಮಯ ತಿನ್ನುವುದು ಹಣ ಎಲ್ಲಿಂದ ಬಂತು, ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು ಎಂಬ ದಾಖಲೆ.

ಉಡುಗೊರೆಯಾಗಿ ಬಂದ ಹಣವಾದರೆ ಕೊಟ್ಟವರ ಹಣದ ಮೂಲವನ್ನೂ ಅಧಿಕಾರಿಗಳು ಕೇಳುತ್ತಾರೆ. ಹಾಗಾಗಿ ನಿಮ್ಮ ಏಳು ವರ್ಷಗಳ ತೆರಿಗೆ ರಿಟರ್ನ್ ಬೇಕು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ್ದರಿಂದ ತೋಟದ ದುಡ್ಡಿನ ಕತೆ ರಿಟರ್ನ್ ಒಂದರಿಂದಲೇ ಸಾಬೀತಾಗುವುದಿಲ್ಲ. ಪಹಣಿ, ಮ್ಯುಟೇಶನ್, ಇಸಿ, ನೀವು ಕೊಂಡಾಗಿನ ಅಥವಾ ಪಾಲಾದಾಗಿನ ಪತ್ರ, ಈಗಿನ ಕ್ರಯಪತ್ರ, ಮಂಡಿ ಪಟ್ಟಿ ಅಥವಾ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್‌ನ ಬಿಲ್ಲು, ಅವಕ್ಕೆ ಹೊಂದುವ ಬ್ಯಾಂಕ್ ಜಮೆ, ಎಲ್ಲವನ್ನೂ ಜೋಡಿಸಿ. ಕನ್ನಡದ ಪ್ರತಿ ದಾಖಲೆಗೂ ದೃಢೀಕೃತ ಇಂಗ್ಲಿಷ್ ಅನುವಾದ ಬೇಕು. ಪಾಲುಪತ್ರ ನೋಂದಣಿಯಾಗಿಲ್ಲದಿದ್ದರೆ ಅಥವಾ ಪಹಣಿಯಲ್ಲಿ ಇನ್ನೂ ನಿಮ್ಮ ತಂದೆಯ ಹೆಸರೇ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಹೆಚ್ಚಿನ ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುವುದು ಇಲ್ಲೇ. ಕ್ರಯಪತ್ರದಲ್ಲಿ ಒಂದು ಮೊತ್ತ, ಕೈಗೆ ನಗದು ಬೇರೆ ಎಂಬ ವ್ಯವಹಾರಕ್ಕೆ ಒಪ್ಪಲೇಬೇಡಿ. ಆ ನಗದನ್ನು ಇಬಿ-5ರಲ್ಲಿ ತೋರಿಸಲು ದಾರಿಯೇ ಇಲ್ಲ.

ಇನ್ನು ಹಣ ಕಳಿಸುವುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್ ಮಾತ್ರ ಕಳಿಸಬಹುದು. ನೀವು ಮತ್ತು ನಿಮ್ಮ ಪತ್ನಿ ಮಾರ್ಚ್ 31ರೊಳಗೆ ತಲಾ 2.5 ಲಕ್ಷ, ಏಪ್ರಿಲ್ 1ರ ನಂತರ ಉಳಿದದ್ದನ್ನು ಕಳಿಸಿದರೆ ಕೆಲವೇ ವಾರಗಳ ಅಂತರದಲ್ಲಿ 8 ಲಕ್ಷವೂ ಅದರ ಮೇಲೆ ಯೋಜನೆಯವರು ತೆಗೆದುಕೊಳ್ಳುವ ಆಡಳಿತ ಶುಲ್ಕವೂ ಮುಟ್ಟುತ್ತವೆ. ಜುಲೈನಲ್ಲಿ ಜಮೀನು ಮಾರಿದವರು ಮುಂದಿನ ಏಪ್ರಿಲ್‌ವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ಮಾರಾಟ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಯುವಂತೆ ನೋಡಿಕೊಳ್ಳಿ. ಆಸ್ತಿ ನಿಮ್ಮ ಹೆಸರಿನಲ್ಲಿ ಮಾತ್ರ ಇರುವುದರಿಂದ ಪತ್ನಿಯ ಪಾಲಿನ ಹಣವನ್ನು ಮೊದಲು ರೂಪಾಯಿಯಲ್ಲೇ ಅವರ ಖಾತೆಗೆ ದಾನಪತ್ರದ ಮೂಲಕ ವರ್ಗಾಯಿಸಿ, ಆಮೇಲೆ ಅವರು ಮಗನಿಗೆ ಇನ್ನೊಂದು ದಾನಪತ್ರ ಮಾಡಬೇಕು. ಎರಡರಲ್ಲಿ ಒಂದು ಪತ್ರ ಇಲ್ಲದಿದ್ದರೂ ಸರಪಳಿ ತುಂಡಾಗುತ್ತದೆ. ಮಗ ಅನಿವಾಸಿಯಾದ್ದರಿಂದ ಅವನಿಗೆ ಡಾಲರ್‌ನಲ್ಲಿ ಉಡುಗೊರೆ ಕೊಡಲು ಅಡ್ಡಿಯಿಲ್ಲ.

ಟಿಸಿಎಸ್‌ಗೂ (ಹಣ ಕಳಿಸುವಾಗಲೇ ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ) ದುಡ್ಡು ಎತ್ತಿಡಿ. ಒಬ್ಬರು ಒಂದು ವರ್ಷದಲ್ಲಿ ಕಳಿಸುವ ಮೊದಲ 10 ಲಕ್ಷ ರೂಪಾಯಿಯ ಮೇಲಿನ ಮೊತ್ತಕ್ಕೆ ಬ್ಯಾಂಕ್ 20 ಶೇಕಡ ಹಿಡಿದುಕೊಳ್ಳುತ್ತದೆ. ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 2.5 ಲಕ್ಷ ಡಾಲರ್ ಎಂದರೆ 2.25 ಕೋಟಿ. ಅದರಲ್ಲಿ 2.15 ಕೋಟಿಗೆ 43 ಲಕ್ಷ ಟಿಸಿಎಸ್. ಕಟ್ಟಡ ಮಾರಿದ ಲಾಭದ ತೆರಿಗೆಗೆ ಇದನ್ನು ಹೊಂದಿಸಿಕೊಳ್ಳಬಹುದು, ಉಳಿದದ್ದು ರೀಫಂಡ್ ಆಗಿ ಬರುತ್ತದೆ. ಮಾರ್ಚ್‌ನಲ್ಲಿ ಹಿಡಿದ ಟಿಸಿಎಸ್ ಅದೇ ಜುಲೈನ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಏಪ್ರಿಲ್‌ನಲ್ಲಿ ಹಿಡಿದದ್ದಕ್ಕೆ ಮರುವರ್ಷದ ರಿಟರ್ನ್ ತನಕ ಕಾಯಬೇಕು. ಹಾಗಾಗಿ ಮಾರ್ಚ್‌ನ ಮಿತಿಯನ್ನು ಪೂರ್ತಿ ಬಳಸಿ.

ಪ್ರಶ್ನೆ: ನಾನೂ ಪತ್ನಿಯೂ ಬೆಂಗಳೂರಿನಲ್ಲೇ ಇದ್ದೇವೆ. ಅರ್ಜಿದಾರ ನಾನು. ಅವಳ 2.5 ಲಕ್ಷವನ್ನು ಅಮೆರಿಕದ ನನ್ನ ಖಾತೆಗೆ ಉಡುಗೊರೆಯಾಗಿ ಕಳಿಸಬಹುದೇ?

ಉತ್ತರ: ಆಗದು. ಒಬ್ಬ ನಿವಾಸಿ ಇನ್ನೊಬ್ಬ ನಿವಾಸಿಯ ವಿದೇಶಿ ಖಾತೆಗೆ ವಿದೇಶಿ ಕರೆನ್ಸಿಯಲ್ಲಿ ಉಡುಗೊರೆ ಕಳಿಸುವುದನ್ನು ಎಲ್‌ಆರ್‌ಎಸ್ ಒಪ್ಪುವುದಿಲ್ಲ. ಆ ಖಾತೆಯಲ್ಲಿ ಪತ್ನಿಯೂ ಜಂಟಿ ಒಡತಿಯಾಗಿರಬೇಕು. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಿಂದ ಇದಕ್ಕೆ ಲಿಖಿತ ಒಪ್ಪಿಗೆ ಪಡೆದೇ ಮುಂದುವರಿಯಿರಿ. ಹೂಡಿಕೆಯ ರವಾನೆಗೆ ಭಾರತದ ಬ್ಯಾಂಕ್ ಸಾಲ ಕೊಡುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಬಿ-2 (ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್) ಸರದಿಯಲ್ಲಿ ಕಾದು ಸಾಕಾಗಿದೆ. ಮಗಳಿಗೆ 19 ದಾಟಿದೆ. ಈಗ ಇಬಿ-5 ಹಾಕಿದರೆ ಅವಳು ನಮ್ಮ ಅರ್ಜಿಯಲ್ಲಿ ಮಗುವಾಗಿ ಉಳಿಯುತ್ತಾಳೆಯೇ?

ಉತ್ತರ: ಮೀಸಲು ವರ್ಗ (ಗ್ರಾಮೀಣ ಮುಂತಾದ ಯೋಜನೆಗಳಿಗೆ ಎತ್ತಿಟ್ಟ ವೀಸಾ ಪಾಲು) ಕರೆಂಟ್ ಆಗಿರುವಾಗಲೇ, ಎಂದರೆ ಅದರಲ್ಲಿ ಸರದಿ ಇಲ್ಲದಿರುವಾಗಲೇ, ಹಾಕಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಮಕ್ಕಳ ವಯಸ್ಸಿನ ಲೆಕ್ಕ ಹೀಗೆ: ವೀಸಾ ಸಂಖ್ಯೆ ಸಿಗುವ ದಿನ ಅಥವಾ ಐ-526ಇ (ಇಬಿ-5 ಹೂಡಿಕೆದಾರನ ಅರ್ಜಿ) ಮಂಜೂರಾದ ದಿನ, ಯಾವುದು ಕೊನೆಯದೋ ಆ ದಿನದ ವಯಸ್ಸಿನಿಂದ ಅರ್ಜಿ ಪರಿಶೀಲನೆಯಲ್ಲಿದ್ದ ದಿನಗಳನ್ನು ಕಳೆಯುತ್ತಾರೆ. ಉತ್ತರ 21ಕ್ಕಿಂತ ಕಡಿಮೆ ಬರಬೇಕು, ಒಂದು ವರ್ಷದೊಳಗೆ ಗ್ರೀನ್ ಕಾರ್ಡ್‌ಗೆ ಅರ್ಜಿಯನ್ನೂ ಹಾಕಿರಬೇಕು. ವರ್ಗ ಕೊನೆತನಕ ಕರೆಂಟ್ ಆಗಿಯೇ ಇದ್ದರೆ ಅರ್ಜಿ ಹಾಕಿದ ದಿನದ ವಯಸ್ಸೇ ನಿಂತಂತೆ.

ಅರ್ಜಿ ಬೇಗ ಮಂಜೂರಾದಷ್ಟೂ ಒಳ್ಳೆಯದು ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಮಂಜೂರಾದ ಮರುದಿನದಿಂದ ಕಳೆಯುವ ಲೆಕ್ಕ ನಿಲ್ಲುತ್ತದೆ. ಆ ಹೊತ್ತಿಗೆ ವರ್ಗ ಹಿಂದಕ್ಕೆ ಸರಿದು ಸರದಿ ಶುರುವಾಗಿದ್ದರೆ ಮಗಳ ವಯಸ್ಸು ಮತ್ತೆ ಓಡತೊಡಗುತ್ತದೆ. 2025ರ ಆಗಸ್ಟ್ 15ರಿಂದ ಈ ಲೆಕ್ಕಕ್ಕೆ ಅಮೆರಿಕ ಸರ್ಕಾರ ತಿಂಗಳು ತಿಂಗಳು ಸರದಿಯ ದಿನಾಂಕ ಪ್ರಕಟಿಸುವ ವೀಸಾ ಬುಲೆಟಿನ್‌ನ ಫೈನಲ್ ಆ್ಯಕ್ಷನ್ ಪಟ್ಟಿಯನ್ನೇ ಹಿಡಿಯುತ್ತಿದ್ದಾರೆ. ಹಳೆಯ ಲೇಖನಗಳಲ್ಲಿ ಇನ್ನೊಂದು ಪಟ್ಟಿಯ ಮಾತಿದೆ, ಅದನ್ನು ನಂಬಬೇಡಿ.

ಅಮೆರಿಕದಲ್ಲೇ ಸಕ್ರಮವಾಗಿ ಇರುವುದು ನಿಮಗೆ ದೊಡ್ಡ ಅನುಕೂಲ. ಐ-526ಇ ಜೊತೆಗೇ ಇಡೀ ಕುಟುಂಬದ ಐ-485 (ಗ್ರೀನ್ ಕಾರ್ಡ್ ಅರ್ಜಿ) ಹಾಕಿ. ಕೆಲಸದ ಪರವಾನಗಿಗೂ ಪ್ರಯಾಣದ ಅನುಮತಿಗೂ ಒಟ್ಟಿಗೇ ಅರ್ಜಿ ಸಲ್ಲಿಸಬಹುದು. ಮುಂದೆ ವರ್ಗ ಹಿಂದಕ್ಕೆ ಹೋದರೂ ಬಾಕಿಯಿರುವ ಐ-485 ರದ್ದಾಗುವುದಿಲ್ಲ. ಪ್ರಯಾಣದ ಅನುಮತಿ ಕೈಗೆ ಬರುವ ಮುನ್ನ ಎಫ್-1 (ವಿದ್ಯಾರ್ಥಿ ವೀಸಾ) ಮೇಲಿರುವ ಮಗಳು ಊರಿಗೆ ಹೊರಟರೆ ಮಾತ್ರ ಅವಳ ಐ-485 ಕೈಬಿಟ್ಟಂತಾಗುತ್ತದೆ. ಮದುವೆ, ಹಬ್ಬ ಏನೇ ಇರಲಿ, ಕಾಯಿಸಿ.

ಪ್ರಶ್ನೆ: ಗ್ರಾಮೀಣ ಯೋಜನೆಯೇ ಒಳ್ಳೆಯದು ಎಂದು ಏಜೆಂಟರು ಹೇಳುತ್ತಾರೆ. ನಿಜವೇ?

ಉತ್ತರ: ಸರದಿಯ ದೃಷ್ಟಿಯಿಂದ ನಿಜ. ಇಬಿ-5ಕ್ಕೆ ವರ್ಷಕ್ಕೆ ಸಿಗುವುದು ಸುಮಾರು 9,940 ವೀಸಾ. ಅದರಲ್ಲಿ 20 ಶೇಕಡ ಗ್ರಾಮೀಣಕ್ಕೆ, 10 ಶೇಕಡ ನಿರುದ್ಯೋಗ ಪ್ರದೇಶಕ್ಕೆ, 2 ಶೇಕಡ ಮೂಲಸೌಕರ್ಯಕ್ಕೆ ಮೀಸಲು. ಪತಿ, ಪತ್ನಿ, ಮಕ್ಕಳು ಎಲ್ಲರೂ ಈ ಲೆಕ್ಕದಲ್ಲೇ ಬರುತ್ತಾರೆ. ಸುಮಾರು 2,000 ಗ್ರಾಮೀಣ ವೀಸಾ ಎಂದರೆ 2,000 ಕುಟುಂಬಗಳಲ್ಲ. ಗ್ರಾಮೀಣ ಅರ್ಜಿಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಮೀಸಲಾತಿ ಇಲ್ಲದ ವರ್ಗದಲ್ಲಿ ಏನಾಗುತ್ತದೆ ಎಂಬುದನ್ನು ಭಾರತೀಯರು 2025ರಲ್ಲಿ ಕಂಡರು: ಮೇ ಬುಲೆಟಿನ್‌ನಲ್ಲಿ ಭಾರತದ ದಿನಾಂಕ 2019ರ ಮೇ 1ಕ್ಕೆ ಜಾರಿತು, ಎಂದರೆ ಅದಕ್ಕೂ ಮೊದಲು ಅರ್ಜಿ ಹಾಕಿದವರಿಗಷ್ಟೇ ವೀಸಾ. ಮೀಸಲು ವರ್ಗಗಳು ಆಗ ಕರೆಂಟ್ ಆಗಿಯೇ ಇದ್ದವು. ಆದರೆ ಯೋಜನೆ ಗ್ರಾಮೀಣವಾದ ಮಾತ್ರಕ್ಕೆ ಗಟ್ಟಿ ಅಲ್ಲ. ಕಟ್ಟಡದ ಕೆಲಸ ಎಷ್ಟಾಗಿದೆ, ನಿಮ್ಮ ಹಣಕ್ಕಿಂತ ಮೊದಲು ತೀರಿಸಬೇಕಾದ ಸಾಲ ಎಷ್ಟಿದೆ, ಬೇಕಾದದ್ದಕ್ಕಿಂತ ಎಷ್ಟು ಹೆಚ್ಚು ಉದ್ಯೋಗ ಲೆಕ್ಕಕ್ಕೆ ಸಿಗುತ್ತದೆ ಎಂದು ಕೇಳಿ. ಮರುಪಾವತಿಗೆ ಗ್ಯಾರಂಟಿ ಕೊಡುತ್ತೇವೆ ಎಂದವರಿಂದ ದೂರ ಸರಿಯಿರಿ: ಹಣ ನಷ್ಟವಾಗುವ ಸಂಭವ ಇರಲೇಬೇಕು ಎಂಬುದು ನಿಯಮ, ಗ್ಯಾರಂಟಿ ಇದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ.

ಪ್ರಶ್ನೆ: 2026ರ ಸೆಪ್ಟೆಂಬರ್ 30ರ ಗಡುವು ಏನು? ಅದರೊಳಗೆ ಅರ್ಧ ಹಣ ಕಟ್ಟಿದರೆ ನಡೆಯುತ್ತದೆಯೇ?

ಉತ್ತರ: ರೀಜನಲ್ ಸೆಂಟರ್ (ಹಲವು ಹೂಡಿಕೆದಾರರ ಹಣವನ್ನು ಒಟ್ಟುಗೂಡಿಸಿ ಯೋಜನೆಗೆ ತೊಡಗಿಸುವ ಸಂಸ್ಥೆ) ಕಾರ್ಯಕ್ರಮಕ್ಕೆ ಮಂಜೂರಾತಿ ಇರುವುದು 2027ರ ಸೆಪ್ಟೆಂಬರ್ 30ರವರೆಗೆ. ಆದರೆ ಕಾರ್ಯಕ್ರಮ ನಿಂತುಹೋದರೂ ಅರ್ಜಿ ಮುಂದುವರಿಯುತ್ತದೆ ಎಂಬ ಕಾನೂನಿನ ರಕ್ಷಣೆ 2026ರ ಸೆಪ್ಟೆಂಬರ್ 30ರೊಳಗೆ ಸಲ್ಲಿಸಿದವರಿಗಷ್ಟೇ. 2021ರ ಜೂನ್ 30ರಂದು ಕಾರ್ಯಕ್ರಮ ನಿಂತಾಗ ಸಾವಿರಾರು ಅರ್ಜಿಗಳು ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದವು. ಆ ಕಹಿಯಿಂದಲೇ ಈ ರಕ್ಷಣೆ ಬಂತು. ಅದರ ಬೆನ್ನಿಗೇ 2027ರ ಜನವರಿ 1ರಿಂದ ಹಣದುಬ್ಬರಕ್ಕೆ ತಕ್ಕಂತೆ ಕನಿಷ್ಠ ಹೂಡಿಕೆಯೂ ಏರುತ್ತದೆ.

ಹಣ ಹೂಡುವ ಪ್ರಕ್ರಿಯೆಯಲ್ಲಿ ಇರುವವರೂ ಅರ್ಜಿ ಹಾಕಬಹುದು ಎಂದು ಕಾಯ್ದೆ ಹೇಳುತ್ತದೆ. ಆದರೆ ಉಳಿದ ಹಣ ಎಲ್ಲಿಂದ, ಯಾವಾಗ ಬರುತ್ತದೆ ಎಂಬ ಬದ್ಧತೆಯ ಪತ್ರವೂ ಅದರ ಮೂಲದ ದಾಖಲೆಯೂ ಅರ್ಜಿಯಲ್ಲೇ ಇರಬೇಕು. ಮುಂದಿನ ಏಪ್ರಿಲ್‌ನ ಎಲ್‌ಆರ್‌ಎಸ್ ಮಿತಿಗೆ ಕಾಯುವವರಿಗೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಜಮೀನಿಗೆ ಇನ್ನೂ ಗಿರಾಕಿಯೇ ಸಿಗದವರು ಈ ದಾರಿ ಹಿಡಿಯಬಾರದು. ಗಡುವಿನ ಕೊನೆಯ ವಾರಕ್ಕೂ ಬಿಡಬೇಡಿ. ಸಹಿ ತಪ್ಪಿದರೆ, ಶುಲ್ಕದಲ್ಲಿ ವ್ಯತ್ಯಾಸವಾದರೆ ಇಡೀ ಕಟ್ಟು ವಾಪಸ್ ಬರುತ್ತದೆ, ಸರದಿಯ ದಿನಾಂಕವೂ ಹೋಗುತ್ತದೆ. ಇಬಿ-5 ಶುಲ್ಕ ಇತ್ತೀಚೆಗೆ ಮತ್ತೆ ಮತ್ತೆ ಬದಲಾಗಿರುವುದರಿಂದ ಕಳಿಸುವ ದಿನ ಸರ್ಕಾರಿ ಜಾಲತಾಣದಲ್ಲಿ ಮೊತ್ತ ನೋಡಿಯೇ ಕಟ್ಟಿ.

ಪ್ರಶ್ನೆ: ಟ್ರಂಪ್ ಗೋಲ್ಡ್ ಕಾರ್ಡ್ ಇದಕ್ಕಿಂತ ಬೇಗವೇ?

ಉತ್ತರ: 2025ರ ಸೆಪ್ಟೆಂಬರ್ 19ರ ಆದೇಶದಂತೆ ಅಲ್ಲಿ ಕೊಡುವ 10 ಲಕ್ಷ ಡಾಲರ್ ಸರ್ಕಾರಕ್ಕೆ ದೇಣಿಗೆ, ಮರಳಿ ಬರುವುದಿಲ್ಲ. ವೀಸಾ ಸಂಖ್ಯೆಯೂ ಇಬಿ-1, ಇಬಿ-2 ವರ್ಗದಿಂದಲೇ ಬರಬೇಕು. ಭಾರತೀಯರಿಗೆ ಆ ಎರಡರಲ್ಲೂ ಸರದಿ ಇದೆ. ಅದು ಅಮೆರಿಕದ ಸಂಸತ್ತು (ಕಾಂಗ್ರೆಸ್) ಮಾಡಿದ ಕಾಯ್ದೆಯೂ ಅಲ್ಲ. ಮಕ್ಕಳ ಭವಿಷ್ಯ ನೆಚ್ಚಿಕೊಂಡವರಿಗೆ ನಮ್ಮ ಸಲಹೆ ಇಬಿ-5.

ಪ್ರಶ್ನೆ: ಯುರೋಪಿನ ಗೋಲ್ಡನ್ ವೀಸಾ (ಹೂಡಿಕೆಗೆ ಕೊಡುವ ವಾಸದ ಪರವಾನಗಿ) ಇನ್ನೂ ಸಿಗುತ್ತದೆಯೇ?

ಉತ್ತರ: ಬ್ರಿಟನ್ 2022ರ ಫೆಬ್ರವರಿಯಲ್ಲಿ, ಐರ್ಲೆಂಡ್ 2023ರ ಫೆಬ್ರವರಿಯಲ್ಲಿ, ಸ್ಪೇನ್ 2025ರ ಏಪ್ರಿಲ್ 3ರಂದು ತಮ್ಮ ಯೋಜನೆ ಮುಚ್ಚಿದವು. ಪೋರ್ಚುಗಲ್ 2023ರಲ್ಲೇ ಮನೆ ಖರೀದಿಯ ದಾರಿ ತೆಗೆದುಹಾಕಿ 5 ಲಕ್ಷ ಯೂರೋ ಫಂಡ್ ಹೂಡಿಕೆಯನ್ನು ಉಳಿಸಿಕೊಂಡಿತು. ಗ್ರೀಸ್ 2024ರಲ್ಲಿ ಅಥೆನ್ಸ್ ಇರುವ ಅಟಿಕಾ, ಥೆಸಲೋನಿಕಿಗಳಲ್ಲಿ ಮೊತ್ತವನ್ನು 8 ಲಕ್ಷ ಯೂರೋಗೆ ಏರಿಸಿತು. ಮುಚ್ಚುವ ಸುದ್ದಿ ಬಂದ ಮೇಲೆ ಓಡಿದವರಿಗೆ ಹಳೆಯ ನಿಯಮ ಸಿಗುವುದು ಅಪರೂಪ. ಇಲ್ಲಿಯೂ ದಾಖಲೆ ಮೊದಲೇ ಸಿದ್ಧವಿದ್ದವರಿಗಷ್ಟೇ ಆ ಅವಕಾಶ.