ಮಟನ್ ಬಿಟ್ಟರೂ ತೂಕ ಏರಿತಲ್ಲ!

ಪ್ರಶ್ನೆ: ನನಗೆ 44 ವರ್ಷ, ಎತ್ತರ 168 ಸೆಂ.ಮೀ., ತೂಕ 84 ಕೆಜಿ. ಮಂಡ್ಯದಲ್ಲಿ ಕೂತು ಮಾಡುವ ಕೆಲಸ. ವಾರಕ್ಕೆ ಎರಡು ಮೂರು ಸಲ ಮಟನ್ ತಿನ್ನುತ್ತಿದ್ದೆ. ಕುರಿ, ಮೇಕೆಗಳಿಂದ ಭೂಮಿ ಬಿಸಿಯಾಗುತ್ತದೆ ಅಂತ ಪಿಯುಸಿ ಓದುವ ಮಗಳು ಹೇಳಿದ ಮೇಲೆ ಪೂರ್ತಿ ಬಿಟ್ಟೆ. ಹಾಗೇ ಸಣ್ಣ ಆಗಬಹುದು ಅನ್ನುವ ಆಸೆಯೂ ಇತ್ತು. ಈಗ ಮಧ್ಯಾಹ್ನ ಚಪಾತಿ, ಪನೀರ್ ಮಸಾಲಾ. ಸಂಜೆ ಗೋಬಿ. ರಾತ್ರಿ ಅನ್ನ, ತಿಳಿಸಾರು, ಹಪ್ಪಳ. ಮೂರು ತಿಂಗಳಲ್ಲಿ ಎರಡು ಕೆಜಿ ಜಾಸ್ತಿ ಆಗಿದ್ದೇನೆ. ಮತ್ತೆ ಮಟನ್ ಶುರು ಮಾಡಲಾ?
– ಹೆಸರು ಬೇಡ, ಮಂಡ್ಯ

ಉತ್ತರ: ಬೇಡ. ಮೊದಲು ಪನೀರ್ ಮಸಾಲಾ ನಿಲ್ಲಿಸಿ.

ಮಗಳು ಹೇಳಿದ್ದು ಸರಿಯಾಗಿಯೇ ಇದೆ. ಕುರಿ, ಮೇಕೆ, ದನ, ಎಮ್ಮೆ ಎಲ್ಲವೂ ಮೆಲುಕು ಹಾಕುವ ಪ್ರಾಣಿಗಳು. ಹೊಟ್ಟೆಯಲ್ಲಿ ಮೇವು ಕೊಳೆತು ಮೀಥೇನ್ ಅನಿಲ ಹುಟ್ಟುತ್ತದೆ, ಹೆಚ್ಚಿನದು ತೇಗಿನಲ್ಲಿ ಹೊರಗೆ ಬರುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 119 ದೇಶಗಳ ಹೊಲ, ತೋಟಗಳ ಲೆಕ್ಕ ಅದರಲ್ಲಿತ್ತು. 100 ಗ್ರಾಂ ಪ್ರೋಟೀನ್ ಪಡೆಯಲು ಕುರಿ ಮಾಂಸವಾದರೆ ಸರಾಸರಿ 20 ಕೆಜಿಯಷ್ಟು ಹಸಿರುಮನೆ ಅನಿಲ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ. ಚೀಸ್‌ಗೆ 11 ಕೆಜಿ ಹತ್ತಿರ. ಕೋಳಿಗೆ 6ಕ್ಕಿಂತ ಸ್ವಲ್ಪ ಕಡಿಮೆ, ಮೊಟ್ಟೆಗೆ 4ರ ಆಸುಪಾಸು. ಕಾಳುಗಳಿಗೆ ಒಂದು ಕೆಜಿಯೂ ಇಲ್ಲ. ಇದು ಪ್ರಪಂಚದ ಸರಾಸರಿ, ಬನ್ನೂರು ಕುರಿಯ ಲೆಕ್ಕವಲ್ಲ. ಕೂಳೆ ಮೇಯುವ ಕುರಿಗೂ ಫಾರಂ ಕುರಿಗೂ ವ್ಯತ್ಯಾಸ ಇದ್ದೇ ಇದೆ. ಆದರೂ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಬದಲಾಗಲಿಕ್ಕಿಲ್ಲ.

ನೋಡಿ, ಕೋಳಿ ಚೀಸ್‌ಗಿಂತ ಕೆಳಗಿದೆ! ಪನೀರ್ ಚೀಸ್‌ನ ತಮ್ಮನೇ ತಾನೆ. ಒಂದು ಕೆಜಿ ಪನೀರ್ ಆಗಲು ಹಸುವಿನ ಹಾಲು 5–6 ಲೀಟರ್ ಬೇಕು. ಆ ಹಾಲು ಕೊಡುವುದೂ ಮೆಲುಕು ಹಾಕುವ ಪ್ರಾಣಿಯೇ. ತೂಕದ ಕಡೆಯಿಂದ ನೋಡಿದರೂ ಲಾಭವಿಲ್ಲ. 100 ಗ್ರಾಂ ಪನೀರಿನಲ್ಲಿ ಪ್ರೋಟೀನ್ ಸುಮಾರು 18 ಗ್ರಾಂ, ಕ್ಯಾಲೊರಿ 260ರಿಂದ 300. ಅದರ ಮೇಲೆ ಹೋಟೆಲಿನವರು ಬೆಣ್ಣೆ, ಕ್ರೀಮ್, ಗೋಡಂಬಿ ಪೇಸ್ಟ್ ಸುರಿಯುತ್ತಾರೆ. ಇನ್ನು ಗೋಬಿ. ಹೂಕೋಸು ಪಾಪ ಏನು ಮಾಡೀತು? ಒಂದು ದೊಡ್ಡ ಚಮಚ ಎಣ್ಣೆಗೇ 120 ಕ್ಯಾಲೊರಿ. ಕಾರ್ನ್‌ಫ್ಲೋರ್ ಹಚ್ಚಿ ಕರಿದ ತುಂಡು ಎಷ್ಟು ಎಣ್ಣೆ ಕುಡಿದಿರುತ್ತದೆ ಅಂತ ಪ್ಲೇಟಿನ ತಳ ನೋಡಿದರೆ ಗೊತ್ತಾಗುತ್ತದೆ. ಮಾಂಸ ಬಿಟ್ಟವರಲ್ಲಿ ಬಹಳ ಜನ ಎಡವುವುದು ಇಲ್ಲೇ. ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಏನು ಬಂತು ಅಂತ ಯಾರೂ ನೋಡುವುದಿಲ್ಲ. ನಿಮ್ಮ ರಾತ್ರಿ ಊಟದಲ್ಲಂತೂ ಪ್ರೋಟೀನ್ ಹೆಸರಿಗೂ ಇಲ್ಲ. ಹತ್ತೂವರೆಗೆ ಮತ್ತೆ ಹಸಿವಾಗಿ ಡಬ್ಬ ತೆಗೆಯುತ್ತೀರಿ, ಅಲ್ವಾ?

ಆ ಜಾಗಕ್ಕೆ ಕಾಳು ಬರಬೇಕು. ನಿಮ್ಮ ಜಿಲ್ಲೆಯವರಿಗೆ ಇದನ್ನು ಹೇಳಲು ನನಗೇ ಸಂಕೋಚ, ಬಸ್ಸಾರು ಮಾಡುವುದನ್ನು ನಿಮಗೆ ಯಾರು ಕಲಿಸಬೇಕು! ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಒಂದು ಹೊತ್ತಿಗೆ 50 ಗ್ರಾಂ ಒಣ ಕಾಳು ಹಾಕಿ. ಬಸಿದ ನೀರು ಸಾರಿಗೆ, ಕಾಳು-ಸೊಪ್ಪು ಪಲ್ಯಕ್ಕೆ. ಪಲ್ಯ ಸಾರಿನ ಪಕ್ಕದ ನೆಂಚಿಕೆ ಆಗಬಾರದು, ಅರ್ಧ ತಟ್ಟೆ ಅದೇ ಇರಬೇಕು. ತೆಂಗಿನಕಾಯಿ ತುರಿ ಒಂದೇ ಚಮಚ. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ ತಿಂದರೆ 12 ಗ್ರಾಂ ಪ್ರೋಟೀನ್ ಬಂತು. ಮಧ್ಯಾಹ್ನ ಪನೀರ್ ಬದಲು 30 ಗ್ರಾಂ ಸೋಯಾ ಚಂಕ್ಸ್ ಸಾಗು ಮಾಡಿಸಿ, 15 ಗ್ರಾಂ ಆಯಿತು. ಒಂದು ಬಟ್ಟಲು ಮೊಸರಿಟ್ಟುಕೊಳ್ಳಿ. ದಿನಕ್ಕೆ 60–65 ಗ್ರಾಂ ಮುಟ್ಟಿದರೆ ನಿಮಗೆ ಸಾಕು. ಕಿಡ್ನಿ ತೊಂದರೆ ಏನಾದರೂ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ.

ಮುದ್ದೆ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ಕರಗುತ್ತಾರೆ ಅನ್ನುವುದು ಸುಮ್ನೆ ಮಾತು. 100 ಗ್ರಾಂ ರಾಗಿ ಹಿಟ್ಟಿಗೆ 320 ಕ್ಯಾಲೊರಿ, ಅಕ್ಕಿಗಿಂತ ತೀರಾ ಕಡಿಮೆಯೇನಲ್ಲ. ನಾರು ಜಾಸ್ತಿ ಇರುವುದರಿಂದ ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಅಷ್ಟೇ. ಒಂದು ಮುದ್ದೆ ತಿನ್ನಿ, ಮೇಲೆ ಅನ್ನ ಬೇಡ. ಮಗಳಿಗೆ ಇದನ್ನೂ ಹೇಳಿ: ನೀರು ನಿಂತ ಭತ್ತದ ಗದ್ದೆಯಿಂದಲೂ ಮೀಥೇನ್ ಬರುತ್ತದೆ. ಮಳೆಯಲ್ಲೇ ಬೆಳೆಯುವ ರಾಗಿಗೆ ಆ ತಕರಾರಿಲ್ಲ. ಕೆಆರ್‌ಎಸ್ ನಾಲೆ ಪಕ್ಕ ಕೂತವರಿಗೆ ಇದು ಅಷ್ಟು ರುಚಿಸಲಿಕ್ಕಿಲ್ಲ.

ಹೊಸತೊಡಕಿಗೆ, ಮಾರಿಹಬ್ಬಕ್ಕೆ ಮಟನ್ ತಿನ್ನಿ. ಬೀಗರೂಟಕ್ಕೆ ಹೋಗಿ ಮೊಸರನ್ನ ಕೇಳಿದರೆ ಸಂಬಂಧವೇ ಕೆಡುತ್ತದೆ. ಪೀಸ್ ತಿನ್ನಿ, ಎರಡನೇ ಸಲ ಬಿರಿಯಾನಿ ಹಾಕಿಸಿಕೊಳ್ಳಬೇಡಿ. ಪರಿಸರಕ್ಕೆ ಲೆಕ್ಕ ಬರುವುದು ಪ್ರತಿ ವಾರದ ಮಟನ್, ವರ್ಷಕ್ಕೆ ನಾಲ್ಕು ಹಬ್ಬದ್ದಲ್ಲ. ತೂಕ ವಾರಕ್ಕೆ ಅರ್ಧ ಕೆಜಿ ಇಳಿದರೆ ಚೆನ್ನಾಗಿಯೇ ಇಳಿಯುತ್ತಿದೆ ಅಂತ ಅರ್ಥ. ಸೊಂಟಕ್ಕೂ ಟೇಪ್ ಹಿಡಿಯಿರಿ. ಗಂಡಸರಿಗೆ 90 ಸೆಂ.ಮೀ. ಒಳಗೆ ಬರಬೇಕು.

ಪ್ರಶ್ನೆ: ಪರಿಸರಕ್ಕಾಗಿ ಅಂತ ನನ್ನ 20 ವರ್ಷದ ಮಗಳು ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಟ್ಟು ಒಂದೂವರೆ ವರ್ಷವಾಯಿತು. ಸಣ್ಣಗಾಗಿದ್ದಾಳೆ, ಆದರೆ ಸದಾ ಸುಸ್ತು, ಕೈ ಜುಮು ಜುಮು ಅನ್ನುತ್ತದಂತೆ.
– ತುಮಕೂರು

ಉತ್ತರ: ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ವಿಟಮಿನ್ ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ) ಮೂರೂ ನೋಡಲಿ. ಬಿ12 ಸೊಪ್ಪು, ಕಾಳುಗಳಲ್ಲಿ ಇಲ್ಲ. ಹಾಲನ್ನೂ ಬಿಟ್ಟವರಿಗೆ ಮಾತ್ರೆ ಬೇಕೇ ಬೇಕು, ವೈದ್ಯರು ಹೇಳಿದಷ್ಟು. ಕಬ್ಬಿಣಕ್ಕೆ ಸೊಪ್ಪು-ಕಾಳಿನ ಮೇಲೆ ನಿಂಬೆಹಣ್ಣು ಹಿಂಡಲಿ, ಊಟದ ಹಿಂದೆಯೇ ಟೀ ಕುಡಿಯದಿರಲಿ. ಅವಳ ನಿರ್ಧಾರದ ಜೊತೆ ಜಗಳ ಮಾಡಬೇಡಿ, ಮಾತ್ರೆ ತಪ್ಪಿಸಿದರೆ ಮಾಡಿ.

ಪ್ರಶ್ನೆ: ಪರಿಸರಕ್ಕಾಗಿ ಮೀನೂ ಬಿಡಬೇಕಾ? ತೂಕವನ್ನೂ ಇಳಿಸಬೇಕು.
– ಕುಂದಾಪುರ

ಉತ್ತರ: ಬಂಗುಡೆ, ಬೂತಾಯಿ ಬಿಡಬೇಡಿ. ಹಿಂಡಾಗಿ ಸಿಗುವ ಸಣ್ಣ ಮೀನು ಹಿಡಿಯಲು ಡೀಸೆಲ್ ಕಡಿಮೆ ಸಾಕು, ಸಿಗಡಿಗೆ ಜಾಸ್ತಿ. ಜೂನ್, ಜುಲೈನಲ್ಲಿ ದೊಡ್ಡ ಬೋಟುಗಳಿಗೆ ನಿಷೇಧ ಇರುವಾಗ ಮೊಟ್ಟೆಯಿಂದ ಸುಧಾರಿಸಿ. ರವಾ ಫ್ರೈ ಬೇಡ. ಕಾಯಿ ರುಬ್ಬಿದ ಗಸಿ ವಾರಕ್ಕೊಮ್ಮೆ, ಉಳಿದ ದಿನ ಕಾಯಿ ಹಾಕದ ಪುಳಿಮುಂಚಿ. ಕುಚ್ಚಲಕ್ಕಿ ಅನ್ನ ಒಂದೇ ಬಟ್ಟಲು.