ಎದೆ ಸೀಳದೆ ಸೂಜಿಯಲ್ಲೇ ಆಗುತ್ತದಾ?

ಪ್ರಶ್ನೆ: ಮಗನಿಗೆ 11 ವರ್ಷ. ಸ್ಟೇಷನ್ ಬ್ರಿಜ್ ಹತ್ತಿದರೆ ಏದುಸಿರು. ಕಳೆದ ತಿಂಗಳು ಫುಟ್‌ಬಾಲ್ ಆಡುವಾಗ ತಲೆ ಸುತ್ತಿ ಬಿದ್ದ. ಎಕೋದಲ್ಲಿ ಹೃದಯದ ಸ್ನಾಯು ದಪ್ಪ ಆಗಿದೆ ಎಂದು ಬಂದಿದೆ. ಧಾರವಾಡದ ನಮ್ಮ ಅತ್ತೆ ಎದೆ ಸೀಳಿಸಲೇಬೇಡಿ ಅಂತಾರೆ. ಸೂಜಿ ಚುಚ್ಚಿ ಸರಿಮಾಡುವ ವಿಡಿಯೋ ವಾಟ್ಸಾಪ್‌ನಲ್ಲಿ ಬಂತು. ಅದನ್ನೇ ಮಾಡಿಸಬಹುದಾ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಬಿದ್ದ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಹೇಳಿಲ್ಲದಿದ್ದರೆ ಇವತ್ತೇ ಹೇಳಿ, ಮಿಕ್ಕಿದ್ದೆಲ್ಲ ಆಮೇಲೆ. ಸದ್ಯಕ್ಕೆ ಫುಟ್‌ಬಾಲ್ ಬೇಡ.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ದಪ್ಪಗಾದರೆ ರಕ್ತ ಹೊರಹೋಗುವ ದಾರಿ ಇಕ್ಕಟ್ಟಾಗುತ್ತದೆ. ಎಷ್ಟು ಇಕ್ಕಟ್ಟು ಅನ್ನೋದನ್ನು ಎಕೋದಲ್ಲಿ ಒತ್ತಡದ ವ್ಯತ್ಯಾಸವಾಗಿ ಅಳೆಯುತ್ತಾರೆ. ಮೊದಲು ಪ್ರೊಪ್ರನೊಲಾಲ್‌ನಂಥ, ಬಡಿತ ನಿಧಾನ ಮಾಡುವ ಮಾತ್ರೆ. ಮಾತ್ರೆ ತಗೊಂಡೂ ತೊಂದರೆ ಇದ್ದು, ಎಕೋದ ಆ ಒತ್ತಡದ ಅಂಕಿ 50ಕ್ಕಿಂತ (mmHg) ಕಡಿಮೆ ಆಗದಿದ್ದರೆ ಆಗ ಗೋಡೆ ತೆಳ್ಳಗೆ ಮಾಡುವ ಮಾತು ಬರುತ್ತದೆ.

ಎದೆ ಸೀಳದ ದಾರಿಗಳು ಇವೆ, ನಿಜ. ರಕ್ತನಾಳದೊಳಗೆ ತೆಳು ನಳಿಕೆ ಬಿಟ್ಟು ಆಲ್ಕೋಹಾಲ್ ಹಾಕಿ ಆ ಸ್ನಾಯುವಿನ ಸ್ವಲ್ಪ ಭಾಗವನ್ನು ಸಾಯಿಸುವುದು 1994ರಲ್ಲಿ ಲಂಡನ್‌ನಲ್ಲಿ ಶುರುವಾಯಿತು, ಆದರೆ ಅದು ದೊಡ್ಡವರಿಗೆ. ಒಳಗೆ ಉಳಿಯುವ ಕಲೆಯಿಂದ ಮುಂದೆ ಬಡಿತ ಏರುಪೇರಾಗುವ ಭಯ ಇದೆ, ಮಗುವಿನ ಮುಂದೆ ಇನ್ನೂ ಇಡೀ ಆಯಸ್ಸೇ ಇದೆ ಅಲ್ವಾ, ಅದಕ್ಕೇ ಮಕ್ಕಳಿಗೆ ಸಾಮಾನ್ಯವಾಗಿ ಮಾಡುವುದಿಲ್ಲ.

ನೀವು ನೋಡಿದ ವಿಡಿಯೋ ಬಹುಶಃ ಇನ್ನೊಂದು ವಿಧಾನದ್ದು. ಚೀನಾದ ಶಿಯಾನ್‌ನಲ್ಲಿ ಲಿಯು ಲಿವೆನ್ ತಂಡ ಬೆಳೆಸಿದ್ದು. ಅಲ್ಟ್ರಾಸೌಂಡ್ ನೋಡಿಕೊಂಡು ಪಕ್ಕೆಲುಬಿನ ಸಂದಿಯಿಂದ ನೇರ ಗೋಡೆಯೊಳಕ್ಕೆ ಸೂಜಿ ಇಳಿಸಿ ರೇಡಿಯೋ ತರಂಗದ ಬಿಸಿಯಿಂದ ಸ್ನಾಯು ಸುಡುತ್ತಾರೆ, ಆ ಜಾಗ ತಿಂಗಳುಗಟ್ಟಲೆ ನಿಧಾನಕ್ಕೆ ಕುಗ್ಗುತ್ತದೆ. ಮಕ್ಕಳಿಗೂ ಮಾಡಿದ್ದಾರೆ. ಆದರೆ 20–30 ವರ್ಷ ಕಳೆದ ಮೇಲೆ ಆ ಮಕ್ಕಳು ಹೇಗಿರುತ್ತಾರೆ ಅನ್ನೋದಕ್ಕೆ ಇನ್ನೂ ಕಾಲವೇ ಆಗಿಲ್ಲ. ಸೂಜಿ ಸಣ್ಣದು ಅಂತ ಅಪಾಯವೂ ಸಣ್ಣದು ಅಂದುಕೊಳ್ಳಬೇಡಿ. ಹೃದಯದ ಸುತ್ತ ರಕ್ತ ತುಂಬಿಕೊಳ್ಳಬಹುದು, ಬಡಿತದ ತಂತು ಸುಟ್ಟರೆ ಪೇಸ್‌ಮೇಕರ್ ಬೇಕಾಗಬಹುದು.

ಅತ್ತೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಎದೆ ತೆರೆದು ಸ್ನಾಯು ಕತ್ತರಿಸಿ ತೆಗೆಯುವ ಆಪರೇಷನ್‌ಗೆ 1960ರ ದಶಕದಿಂದ ಅನುಭವ ಇದೆ, ಮಕ್ಕಳಿಗೆ ನಾನು ಮೊದಲು ಅದನ್ನೇ ನೋಡುವೆ. ಸರ್ಜನ್ ಹತ್ತಿರ ನಾಚಿಕೆ ಬಿಟ್ಟು ಕೇಳಿ: ಇಷ್ಟು ವಯಸ್ಸಿನವರಿಗೆ ನೀವೇ ಎಷ್ಟು ಸಲ ಮಾಡಿದ್ದೀರಿ? ಯಾವುದು ಮಾಡಿಸಿದರೂ ಕಾಯಿಲೆಯ ಬೇರು ಹೋಗುವುದಿಲ್ಲ. ಬಿದ್ದ ಮಗು ಆದ್ದರಿಂದ ಎದೆಯಲ್ಲಿ ಐಸಿಡಿ (ಬಡಿತ ಅಪಾಯಕಾರಿಯಾಗಿ ತಪ್ಪಿದರೆ ಶಾಕ್ ಕೊಟ್ಟು ಸರಿಮಾಡುವ ಪುಟ್ಟ ಯಂತ್ರ) ಇಡಬೇಕಾ ಅಂತಲೂ ಕೇಳಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಮುಂಬೈ ಸೆಕೆಗೆ ನೀರು ಚೆನ್ನಾಗಿ ಕುಡಿಸಿ.

ಅಂದಹಾಗೆ, ತಂದೆ-ತಾಯಿ ನಿಮ್ಮಿಬ್ಬರದೂ ಎಕೋ ಆಯಿತಾ? ಇದು ಹೆಚ್ಚಾಗಿ ಮನೆತನದಲ್ಲಿ ಬರುವಂಥದ್ದು. ಮಗನಿಗೆ ತಂಗಿಯೋ ತಮ್ಮನೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.