ಅಮೆರಿಕದವರು ‘ಮೇಡ್ ಇನ್ ಯುಎಸ್ಎ’ ಅಂತ ಯಾಕೆ ಹುಡುಕಿ ಹುಡುಕಿ ಕೊಳ್ಳುತ್ತಾರೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಅಮೆರಿಕಕ್ಕೆ ಬಂದು ಆರು ತಿಂಗಳಾಯಿತು, ಆಫೀಸಿನಲ್ಲಿ ಒಬ್ಬರು ಕಾಲುಚೀಲ ಕೊಳ್ಳುವಾಗಲೂ ಲೇಬಲ್ ತಿರುಗಿಸಿ ನೋಡುತ್ತಾರೆ, ಇಲ್ಲೇ ಮಾಡಿದ್ದಕ್ಕೆ ಎರಡು ಪಟ್ಟು ದುಡ್ಡು ಕೊಡುತ್ತಾರೆ, ಇದೇನು ದೇಶಭಕ್ತಿಯೋ ಹುಚ್ಚೋ ಅಂತ ಕೇಳಿದ್ದೀರಿ. ಬಂದ ಹೊಸತರಲ್ಲಿ ನಾನೂ ಹುಚ್ಚು ಅಂತಲೇ ಅಂದುಕೊಂಡಿದ್ದೆ. ಆಮೇಲೆ ಒಂದು ಟವೆಲ್‌ನಿಂದ ಬುದ್ಧಿ ಬಂತು.

ನಾನಿರುವುದು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಹತ್ತಿರ. ಇಲ್ಲಿಂದ ಅರ್ಧ ಗಂಟೆ ದೂರದಲ್ಲಿ ಕನ್ನಾಪೊಲಿಸ್ ಅಂತ ಊರಿದೆ. ಹೆಸರು ಕೇಳಿ ನಮ್ಮವರು ಕಟ್ಟಿದ ಊರು ಅಂದುಕೊಳ್ಳಬೇಡಿ. ಕಟ್ಟಿದ್ದು ಕ್ಯಾನನ್ ಅನ್ನುವ ಮಿಲ್ಲಿನವರು. ಟವೆಲ್, ಬೆಡ್‌ಶೀಟ್‌ಗೆ ಅಮೆರಿಕದ ಮನೆಮನೆಯಲ್ಲೂ ಗೊತ್ತಿದ್ದ ಹೆಸರು ಅದು. ಮನೆ, ರಸ್ತೆ, ಅಂಗಡಿ ಸಾಲು ಎಲ್ಲ ಮಿಲ್ಲಿನದೇ. ಊರಿಗೆ ಅಂತ ಒಂದು ಪುರಸಭೆ ಬಂದದ್ದೇ 1984ರಲ್ಲಿ.

ನಮ್ಮ ಹಳೇ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಆ ಮಿಲ್ಲಿನಲ್ಲಿ ಟವೆಲ್ ಅಂಚು ಹೊಲಿಯುವ ಕೆಲಸ ಮಾಡಿದವರು, ಇಪ್ಪತ್ತು ವರ್ಷಕ್ಕೂ ಜಾಸ್ತಿ. ಒಂದು ಕ್ರಿಸ್‌ಮಸ್‌ಗೆ ಅವರಿಗೆ ಟವೆಲ್ ಸೆಟ್ ಕೊಟ್ಟೆವು. ಅಜ್ಜಿ ಬಣ್ಣ ನೋಡಲಿಲ್ಲ. ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉದ್ದಕ್ಕೂ ಎಳೆದರು. ಮೂಲೆಯನ್ನು ಮಡಚಿ, ಹೊಲಿಗೆ ಎಲ್ಲಿ ಮುಗಿದಿದೆ, ದಾರ ಬಿಗಿ ಇದೆಯಾ ಅಂತ ಉಗುರಿನಿಂದ ಕೆರೆದು ನೋಡಿದರು. ಕೊನೆಗೆ ಲೇಬಲ್ ತಿರುಗಿಸಿದರು. ‘ಮೇಡ್ ಇನ್ ಇಂಡಿಯಾ’. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಅವರು ಮಾತ್ರ ಜೋರಾಗಿ ನಕ್ಕು, “ಒಳ್ಳೇ ಹೊಲಿಗೆ ಕಣಪ್ಪಾ. ನನ್ನ ಕೆಲಸ ನಿಮ್ಮೂರಿಗೆ ಹೋಗಿತ್ತಾ!” ಅಂದರು.

ಕೆಲಸ ಹೋದ ದಿನ ಅವರಿಗೆ ತಾರೀಖು ಸಮೇತ ನೆನಪಿದೆ. 2003ರ ಜುಲೈ 30. ಅಷ್ಟು ಹೊತ್ತಿಗೆ ಮಿಲ್ಲು ಕೈಬದಲಾಗಿ ಪಿಲ್ಲೋಟೆಕ್ಸ್ ಅನ್ನುವ ಕಂಪನಿಯ ಪಾಲಾಗಿತ್ತು. ಅದು ದಿವಾಳಿಯಾಗಿ ಬಾಗಿಲು ಹಾಕಿತು. ಈ ರಾಜ್ಯವೊಂದರಲ್ಲೇ ಸುಮಾರು 4,800 ಜನ ಮನೆಗೆ ಹೋದರು. ಗಂಡ, ಹೆಂಡತಿ, ಮಗ ಮೂವರೂ ಅದೇ ಮಿಲ್ಲಿನಲ್ಲಿದ್ದ ಮನೆಗಳಿದ್ದವು. ಅಮೆರಿಕದಲ್ಲಿ ಕೆಲಸ ಹೋದರೆ ಸಂಬಳದ ಜೊತೆ ಆರೋಗ್ಯ ವಿಮೆಯೂ ಹೋಗುತ್ತದೆ, ಅದು ನಿಮಗೂ ಇಷ್ಟರಲ್ಲೇ ಅರ್ಥವಾಗಿರುತ್ತೆ. ಮಿಲ್ಲಿನವರು ಹೋದ ಮೇಲೆ ಅವರು ತಿಂಡಿ ತಿನ್ನುತ್ತಿದ್ದ ಹೋಟೆಲು, ಕ್ಷೌರದ ಅಂಗಡಿ ಕೂಡ ಸೊರಗಿದವು. ಈಗ ಆ ಜಾಗದಲ್ಲಿ ಸಂಶೋಧನಾ ಕ್ಯಾಂಪಸ್ ಇದೆ, ಚೆನ್ನಾಗಿಯೇ ಇದೆ. ಆದರೆ ಐವತ್ತು ದಾಟಿದ, ಹೊಲಿಗೆ ಮಾತ್ರ ಗೊತ್ತಿದ್ದವರಿಗೆ ಅಲ್ಲಿ ಏನು ಕೆಲಸ ಸಿಗುತ್ತೆ, ಹೇಳಿ.

ನಾನು ದಾವಣಗೆರೆಯವನು. ಕಾಟನ್ ಮಿಲ್ಲುಗಳಿಂದಾಗಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ದಾವಣಗೆರೆ ಕಾಟನ್ ಮಿಲ್ಲಿನ ನೆನಪಿಗೆ ಡಿಸಿಎಂ ಟೌನ್‌ಶಿಪ್ ಅನ್ನುವ ಬಡಾವಣೆಯ ಹೆಸರು ಉಳಿಯಿತು. ಇದನ್ನು ಅಜ್ಜಿಗೆ ಹೇಳಿದಾಗ, “ಹಾಗಾದರೆ ನಿಮ್ಮ ಕೆಲಸ ಎಲ್ಲಿಗೆ ಹೋಯ್ತು?” ಅಂತ ಕೇಳಿದರು. ಉತ್ತರ ಇರಲಿಲ್ಲ.

ಇದು ಒಂದೇ ಊರಿನ ಕಥೆ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. 1979ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.95 ಕೋಟಿ ಜನ ಇದ್ದರು. 2010ರ ಹೊತ್ತಿಗೆ 1.15 ಕೋಟಿ. ಚೀನಾ 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಆಮೇಲಿನ ಕೆಲವು ವರ್ಷಗಳಲ್ಲೇ ಜಾಸ್ತಿ ಪೆಟ್ಟು ಬಿದ್ದದ್ದು. ಎಲ್ಲ ತಪ್ಪೂ ಚೀನಾದ್ದು ಅಂತಲ್ಲ, ಯಂತ್ರಗಳೂ ಎಷ್ಟೋ ಕೆಲಸ ತಿಂದಿವೆ. ಆದರೆ ಪೆಟ್ಟು ದೇಶದ ತುಂಬ ಸಮನಾಗಿ ಹಂಚಿ ಬೀಳಲಿಲ್ಲ. ಒಂದು ಊರು ಒಂದೇ ಕಾರ್ಖಾನೆ ನಂಬಿಕೊಂಡಿತ್ತು, ಅದು ಹೋದಾಗ ಊರಿಗೆ ಊರೇ ಕುಸಿಯಿತು. ನಿಮ್ಮ ಆಫೀಸಿನವರ ಅಪ್ಪನೋ ಚಿಕ್ಕಪ್ಪನೋ ಅಂಥ ಊರಿನವರಾಗಿರಬಹುದು. ಒಮ್ಮೆ ಕೇಳಿ ನೋಡಿ.

ಇನ್ನು ಸುರಕ್ಷತೆಯ ಮಾತು. 2007ರಲ್ಲಿ ಚೀನಾದಲ್ಲಿ ಮಾಡಿಸಿದ ಮಕ್ಕಳ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿ ಲಕ್ಷಗಟ್ಟಲೆ ಆಟಿಕೆ ವಾಪಸ್ ತಗೊಂಡರು. ಆಗ ಚಿಕ್ಕ ಮಕ್ಕಳಿದ್ದವರು ಅದನ್ನು ಮರೆತಿಲ್ಲ. ಮರುವರ್ಷವೇ ಕಾನೂನು ಬಿಗಿಯಾಯಿತು, ಈಗ ಎಲ್ಲಿ ಮಾಡಿದರೂ ಪರೀಕ್ಷೆ ಪಾಸಾಗಬೇಕು. ಇಲ್ಲೇ ಮಾಡಿದರೆ ಎಲ್ಲ ಸರಿ ಅನ್ನುವುದೂ ಸುಳ್ಳು. ಅಮೆರಿಕದಲ್ಲಿ ಮಕ್ಕಳಿಗೆ ಕುಡಿಸುವ ಹಾಲಿನ ಪುಡಿ ಹೆಚ್ಚುಕಮ್ಮಿ ಪೂರ್ತಿ ಇಲ್ಲೇ ತಯಾರಾಗುತ್ತದೆ. 2022ರ ಫೆಬ್ರವರಿಯಲ್ಲಿ ಮಿಷಿಗನ್‌ನ ಒಂದೇ ಒಂದು ಕಾರ್ಖಾನೆ ನಿಂತಿತು ನೋಡಿ, ಅಂಗಡಿಗಳ ಶೆಲ್ಫ್ ಖಾಲಿ. ಕೊನೆಗೆ ಜರ್ಮನಿಯಿಂದ ಮಿಲಿಟರಿ ವಿಮಾನದಲ್ಲಿ ತರಿಸಿದರು. ಎಲ್ಲ ಮೊಟ್ಟೆಯನ್ನೂ ಮನೆಯ ಬುಟ್ಟಿಯಲ್ಲೇ ಇಟ್ಟರೂ ಬುಟ್ಟಿ ಬೀಳುತ್ತೆ, ಅಲ್ವಾ?

ದುಡ್ಡಿನ ಲೆಕ್ಕ ಕೇಳಿದರೆ ಕೊಳ್ಳುವವನಿಗೆ ನಷ್ಟವೇ. 2018ರಲ್ಲಿ ಸರ್ಕಾರ ಹೊರಗಿನ ವಾಷಿಂಗ್ ಮೆಷಿನ್‌ಗಳ ಮೇಲೆ ಸುಂಕ ಹಾಕಿತು. ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದರು: ಒಂದು ಮೆಷಿನ್ನಿಗೆ ಸುಮಾರು 86 ಡಾಲರ್ ಏರಿತ್ತು. ಸುಂಕವೇ ಇಲ್ಲದ ಬಟ್ಟೆ ಒಣಗಿಸುವ ಡ್ರೈಯರ್ ಬೆಲೆಯೂ ಏರಿತು, ಯಾಕೆಂದರೆ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ! ಸಿಕ್ಕ ಕೆಲಸ ಸುಮಾರು 1,800. ಒಂದೊಂದು ಕೆಲಸಕ್ಕೆ ಕೊಳ್ಳುವವರು ತೆತ್ತದ್ದು ಎಂಟು ಲಕ್ಷ ಡಾಲರ್‌ಗೂ ಮೇಲೆ. ಹೀಗೆ ಎಲ್ಲರ ಜೇಬಿಗೂ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನಿಮ್ಮ ಸಹೋದ್ಯೋಗಿ ಮಾಡುತ್ತಿರುವುದು ಬೇರೆ. ಅವರು ತಮ್ಮದೇ ದುಡ್ಡಲ್ಲಿ ಜಾಸ್ತಿ ಕೊಡುತ್ತಾರೆ, ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ.

ಅಜ್ಜಿಯದೂ ಅದೇ ಲೆಕ್ಕ. ಆಕೆ ಎಲ್ಲವನ್ನೂ ಇಲ್ಲಿಯದೇ ಕೊಳ್ಳುತ್ತಿರಲಿಲ್ಲ, ಪಿಂಚಣಿಯಲ್ಲಿ ಅದು ಆಗದ ಮಾತು. ಟಿವಿ, ಫೋನು ಎಲ್ಲಿಯದಾದರೂ ಸರಿ. ಚಪ್ಪಲಿ, ಹೊದಿಕೆ, ಪಾತ್ರೆಗೆ ಮಾತ್ರ ಲೇಬಲ್ ನೋಡುತ್ತಿದ್ದರು. “ಇನ್ನೂ ನಾಲ್ಕು ಮಿಲ್ಲು ಉಸಿರಾಡುತ್ತಿವೆ, ಅವಕ್ಕೆ ನಾನಲ್ಲದೆ ಯಾರು ಕೊಡಬೇಕು” ಅನ್ನುವ ಧಾಟಿ.

ನೀವೂ ಲೇಬಲ್ ನೋಡುವುದಾದರೆ ಒಂದೆರಡು ವಿಷಯ ಗೊತ್ತಿರಲಿ. ಬರೀ ‘ಮೇಡ್ ಇನ್ ಯುಎಸ್ಎ’ ಅಂತ ಹಾಕಬೇಕಾದರೆ ಆ ವಸ್ತು ಪೂರ್ತಿ, ಅಥವಾ ಹೆಚ್ಚುಕಮ್ಮಿ ಪೂರ್ತಿ, ಇಲ್ಲಿಯದೇ ಆಗಿರಬೇಕು. ಇದು ಫೆಡರಲ್ ಟ್ರೇಡ್ ಕಮಿಷನ್ ನಿಯಮ. ಸುಳ್ಳು ಹಾಕಿದ್ದಕ್ಕೆ 2024ರಲ್ಲಿ ಮನೆ ಸಾಮಾನಿನ ಒಂದು ದೊಡ್ಡ ಕಂಪನಿ 31.75 ಲಕ್ಷ ಡಾಲರ್ ದಂಡ ಕಟ್ಟಿತು. ‘ಅಸೆಂಬಲ್ಡ್ ಇನ್’, ‘ಡಿಸೈನ್ಡ್ ಇನ್’ ಅಂದರೆ ಬೇರೆ ಕಥೆ. ದೊಡ್ಡ ಬಾವುಟದ ಚಿತ್ರ ಕಂಡರೆ ಸಣ್ಣ ಅಕ್ಷರ ಮೊದಲು ಓದಿ.

ಕಾರಿನ ಹೆಸರಿಗಂತೂ ಮರುಳಾಗಬೇಡಿ. ಡ್ರೈವರ್ ಕಡೆ ಮುಂದಿನ ಗಾಜಿನ ಕೆಳಗೆ, ಹೊರಗಿನಿಂದಲೇ ಕಾಣುವ ಹಾಗೆ ಒಂದು ಉದ್ದ ನಂಬರ್ ಇರುತ್ತದೆ. ಮೊದಲ ಅಂಕಿ 1, 4 ಅಥವಾ 5 ಇದ್ದರೆ ಅದು ಅಮೆರಿಕದಲ್ಲಿ ಜೋಡಿಸಿದ್ದು, 2 ಕೆನಡಾ, 3 ಮೆಕ್ಸಿಕೊ. ನನ್ನ ಟೊಯೊಟ ಕ್ಯಾಮ್ರಿಯದು 4ರಿಂದ ಶುರು, ಕೆಂಟಕಿಯ ಜಾರ್ಜ್‌ಟೌನ್‌ನದು. ಪಕ್ಕದಲ್ಲಿ ನಿಲ್ಲುವ ಅಪ್ಪಟ ಅಮೆರಿಕನ್ ಹೆಸರಿನ ಪಿಕಪ್ ಟ್ರಕ್ಕಿನದು 3.

ಕೊನೆಗೆ ನಮ್ಮ ಅಡುಗೆಮನೆಗೆ ಬೇಕಾದ ಮಾತು. ಲಾಡ್ಜ್ ಅಂತ ಒಂದು ಕಂಪನಿ, 1896ರಿಂದ ಟೆನೆಸೀಯ ಸೌತ್ ಪಿಟ್ಸ್‌ಬರ್ಗ್ ಅನ್ನುವ ಪುಟ್ಟ ಊರಲ್ಲಿ ಬೀಡುಕಬ್ಬಿಣದ ಪಾತ್ರೆ ಎರಕ ಹೊಯ್ಯುತ್ತಿದೆ. ಇಲ್ಲಿರುವ ನಮ್ಮವರಲ್ಲಿ ಎಷ್ಟೋ ಜನರ ದೋಸೆ ಹಂಚು ಅದೇ. ಕಪ್ಪು ಹಂಚು ಟೆನೆಸೀಯದು, ಅದೇ ಕಂಪನಿಯ ಬಣ್ಣದ ಎನಾಮಲ್ ಪಾತ್ರೆಗಳಲ್ಲಿ ಹೆಚ್ಚಿನವು ಚೀನಾದವು, ಕೊಳ್ಳುವಾಗ ನೋಡಿಕೊಳ್ಳಿ. ಹಾಗಾಗಿ ಮುಂದಿನ ಸಲ ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಹಂಚು ಹೊತ್ತು ತರಬೇಡಿ. ಆ ತೂಕಕ್ಕೆ ಚಟ್ನಿಪುಡಿ ತನ್ನಿ. ಮೊದಲ ಎರಡು ದೋಸೆ ಅಂಟುತ್ತವೆ, ಹೆದರಬೇಡಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ.